ದಮ್ಮು ಇರುವವರು ನಡೆಯಬೇಕೇ, ಕುಳಿತಿರಬೇಕೇ?

ಪ್ರಶ್ನೆ: ನನ್ನ ತಂದೆಗೆ 67 ವರ್ಷ. ಬಹುಕಾಲ ಆಲೆಮನೆಯಲ್ಲಿ ಒಲೆಗೆ ಉರಿ ಹಾಕುವ ಕೆಲಸ ಮಾಡಿದವರು. ಬೀಡಿ ಬಿಟ್ಟು ಎರಡು ವರ್ಷವಾಗಿದೆ. ಸಿಒಪಿಡಿ (ಶ್ವಾಸನಾಳಗಳು ಕಿರಿದಾಗುವ ದೀರ್ಘಕಾಲದ ಕಾಯಿಲೆ) ಎಂದು ಹೇಳಿ ಇನ್ಹೇಲರ್ ಕೊಟ್ಟಿದ್ದಾರೆ. ಹಿತ್ತಿಲಿಗೆ ಹೋಗಿಬಂದರೂ ದಮ್ಮು ಬರುವುದರಿಂದ ನಾವು ಅವರನ್ನು ಜಗುಲಿಯಿಂದ ಏಳಲು ಬಿಡುತ್ತಿಲ್ಲ. ಈಗ ವೈದ್ಯರು ವ್ಯಾಯಾಮ ಮಾಡಿಸಿ ಎನ್ನುತ್ತಿದ್ದಾರೆ. ಉಸಿರೇ ಸಾಲದವರಿಗೆ ವ್ಯಾಯಾಮ ಮಾಡಿಸಿದರೆ ಶ್ವಾಸಕೋಶ ಇನ್ನಷ್ಟು ಹಾಳಾಗುವುದಿಲ್ಲವೇ?
– ಓದುಗರೊಬ್ಬರು, ಮದ್ದೂರು ತಾಲ್ಲೂಕು

ಉತ್ತರ: ಹಾಳಾಗುವುದಿಲ್ಲ. ತಂದೆಯವರ ಮೇಲಿನ ಪ್ರೀತಿಯಿಂದಲೇ ನೀವು ಅವರನ್ನು ಕೂರಿಸಿದ್ದೀರಿ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಈ ಕಾಯಿಲೆಯಲ್ಲಿ ಮನುಷ್ಯನನ್ನು ಬೇಗ ಕುಗ್ಗಿಸುವುದು ಆ ಕೂರುವಿಕೆಯೇ. ಸಿಒಪಿಡಿಯಲ್ಲಿ ಶ್ವಾಸನಾಳಗಳು ಕಿರಿದಾಗಿರುವುದರಿಂದ ಒಳಗೆ ಹೋದ ಗಾಳಿ ಹೊರಬರಲು ಹೆಚ್ಚು ಸಮಯ ಬೇಕು. ನಡೆಯುವಾಗ ಉಸಿರಾಟದ ವೇಗ ಹೆಚ್ಚಿ ಆ ಸಮಯ ಸಿಗದೆ ಹೋಗುತ್ತದೆ, ಹಳೆಯ ಗಾಳಿ ಎದೆಯಲ್ಲೇ ಉಳಿಯುತ್ತದೆ, ಹೊಸ ಉಸಿರಿಗೆ ಜಾಗ ಸಾಲದೆ ಏದುಸಿರು ಬರುತ್ತದೆ. ಅದಕ್ಕೆ ಹೆದರಿ ನಡಿಗೆಯನ್ನೇ ನಿಲ್ಲಿಸಿದವರ ತೊಡೆ ಮತ್ತು ಮೀನಖಂಡದ ಸ್ನಾಯುಗಳು ತಿಂಗಳು ತಿಂಗಳಿಗೂ ಸೊರಗುತ್ತವೆ. ಹೀಗೆ ಸೊರಗಿದ ಸ್ನಾಯುಗಳಲ್ಲಿ ಅಲ್ಪ ಕೆಲಸಕ್ಕೂ ಲ್ಯಾಕ್ಟಿಕ್ ಆಮ್ಲ ಬೇಗ ಸೇರುತ್ತದೆ, ಅದು ಉಸಿರಾಟದ ವೇಗವನ್ನು ಮತ್ತೆ ಹೆಚ್ಚಿಸುತ್ತದೆ. ಮೊನ್ನೆ ಗೇಟಿನವರೆಗೆ ಹೋಗುತ್ತಿದ್ದವರು ಇಂದು ಬಚ್ಚಲಿಗೆ ಹೋಗಲೂ ಬಳಲುವುದಕ್ಕೆ ಶ್ವಾಸಕೋಶದಷ್ಟೇ ಕಾಲುಗಳೂ ಕಾರಣವಾಗಿರುತ್ತವೆ.

ಪಲ್ಮನರಿ ರಿಹ್ಯಾಬಿಲಿಟೇಷನ್ ಎಂದು ಕರೆಯುವ ವ್ಯಾಯಾಮ ತರಬೇತಿಯ ಚಿಕಿತ್ಸೆ ಮುಖ್ಯವಾಗಿ ಈ ಕಾಲುಗಳನ್ನು ಹಿಡಿದು ಕೆಲಸ ಮಾಡುತ್ತದೆ. ಇದರಿಂದ ಸ್ಪೈರೋಮೆಟ್ರಿ (ಊದಿಸಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ) ಪರೀಕ್ಷೆಯ ಅಂಕಿಗಳು ಸುಧಾರಿಸುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಿ, ಇಲ್ಲದಿದ್ದರೆ ಮುಂದಿನ ವರದಿ ನೋಡಿ ನಿರಾಶರಾಗುತ್ತೀರಿ. ಪಂಪ್‌ಸೆಟ್ಟಿನ ಶಕ್ತಿ ಅಷ್ಟೇ ಇದ್ದರೂ ಕಾಲುವೆಯ ಸೋರಿಕೆ ನಿಲ್ಲಿಸಿದರೆ ಹೆಚ್ಚು ಗದ್ದೆಗೆ ನೀರು ಹರಿಯುವಂತೆ, ಇರುವ ಉಸಿರಿನಲ್ಲೇ ಹೆಚ್ಚು ದೂರ ನಡೆಯಲು ದೇಹ ಕಲಿಯುತ್ತದೆ. 2015ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆ ಸಿಒಪಿಡಿ ರೋಗಿಗಳ ಮೇಲೆ ನಡೆದ 65 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. ತರಬೇತಿ ಪಡೆದವರು ಪಡೆಯದವರಿಗಿಂತ ಆರು ನಿಮಿಷಗಳಲ್ಲಿ ಸರಾಸರಿ ಸುಮಾರು 44 ಮೀಟರ್ ಹೆಚ್ಚು ನಡೆದರು. ಏದುಸಿರು ಮತ್ತು ಆಯಾಸವೂ ಕಡಿಮೆಯಾಗಿತ್ತು. 44 ಮೀಟರ್ ಅಲ್ಪವೆಂದು ತೋರಬಹುದು, ಆದರೆ ಬೇರೆಯವರ ನೆರವಿಲ್ಲದೆ ಸ್ನಾನಕ್ಕೆ ಹೋಗುವುದು, ಎದುರುಮನೆಯ ಜಗುಲಿಗೆ ಹೋಗಿ ನಾಲ್ಕು ಮಾತಾಡಿ ಬರುವುದು ಆ ದೂರದೊಳಗೇ ಇವೆ.

ಮೊದಲು ಆಗಬೇಕಾದುದು ಅಳತೆ. ಸಾಮಾನ್ಯವಾಗಿ 30 ಮೀಟರ್ ಉದ್ದದ ಸಮತಟ್ಟಾದ ಪಡಸಾಲೆಯಲ್ಲಿ ಆರು ನಿಮಿಷ ನಡೆಸಿ, ನಡೆದ ದೂರ, ನಾಡಿ ಮತ್ತು ರಕ್ತದ ಆಮ್ಲಜನಕದ ಪ್ರಮಾಣವನ್ನು ಗುರುತು ಮಾಡಿಕೊಳ್ಳುತ್ತಾರೆ. ನಡುವೆ ನಿಂತು ಸುಧಾರಿಸಿಕೊಂಡರೆ ತಪ್ಪೇನಿಲ್ಲ, ಗಡಿಯಾರ ಮಾತ್ರ ಓಡುತ್ತಿರುತ್ತದೆ. ಇತ್ತೀಚೆಗೆ ಹೃದಯಾಘಾತವಾಗಿದ್ದರೆ, ಕುಳಿತಾಗಲೂ ಎದೆನೋವು ಬರುತ್ತಿದ್ದರೆ ಅಥವಾ ಹೃದಯದ ಕವಾಟ ತೀವ್ರವಾಗಿ ಕಿರಿದಾಗಿದ್ದರೆ ಮೊದಲು ಹೃದ್ರೋಗ ತಜ್ಞರ ಒಪ್ಪಿಗೆ ಬೇಕೇ ಬೇಕು. ಮಂಡ್ಯದ ಮಿಮ್ಸ್ ಆಸ್ಪತ್ರೆಯ ಶ್ವಾಸಕೋಶ ವಿಭಾಗದಲ್ಲಿ ವಿಚಾರಿಸಿ ಫಿಸಿಯೋಥೆರಪಿಸ್ಟರ ಸಲಹೆಯನ್ನೂ ಕೇಳಿ.

ತರಬೇತಿ ವಾರಕ್ಕೆ ಎರಡು ಮೂರು ಬಾರಿಯಂತೆ ಆರರಿಂದ ಹನ್ನೆರಡು ವಾರ ನಡೆಯುವುದು ರೂಢಿ. ಮೊದಲ ದಿನಗಳಲ್ಲಿ ಎರಡು ನಿಮಿಷ ನಡೆದು, ಕುಳಿತು, ಮತ್ತೆ ಎರಡು ನಿಮಿಷ ನಡೆದರೂ ಸಾಕು. ನಡೆದ ನಿಮಿಷಗಳನ್ನೆಲ್ಲ ಕೂಡಿ ಇಪ್ಪತ್ತು ಮೂವತ್ತಕ್ಕೆ ತಲುಪುವುದು ಗುರಿ. ಏದುಸಿರಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಲು ತಂದೆಯವರಿಗೆ ಹೇಳಿ: ಮೂರು ನಾಲ್ಕರ ಆಸುಪಾಸಿನಲ್ಲಿರುವ ದಮ್ಮು ಬೇಕಾದ ದಮ್ಮೇ, ಅದಕ್ಕೆ ನೀವು ಗಾಬರಿಯಾಗಬಾರದು. ಚಿಕ್ಕ ವಾಕ್ಯವನ್ನೂ ಮುಗಿಸಲಾಗದಷ್ಟು ಬಂದರೆ ನಿಲ್ಲಿಸಬೇಕು. ಆಗ ಮೊಣಕಾಲುಗಳ ಮೇಲೆ ಕೈಯೂರಿ ಮುಂದಕ್ಕೆ ಬಾಗಿ ಕುಳಿತು, ಮೂಗಿನಿಂದ ಎರಡು ಎಣಿಸುವಷ್ಟು ಹೊತ್ತು ಉಸಿರೆಳೆದು, ಸೀಟಿ ಊದುವಾಗಿನಂತೆ ತುಟಿಗಳನ್ನು ಕಿರಿದುಮಾಡಿ ನಾಲ್ಕು ಎಣಿಸುವಷ್ಟು ಹೊತ್ತು ಮೆಲ್ಲಗೆ ಬಿಡಲಿ. ಬೇಗನೆ ಕೆಲಸ ಮಾಡುವ ಇನ್ಹೇಲರ್ ಇದ್ದರೆ ಅದನ್ನು ನಡಿಗೆಗೆ ಹದಿನೈದು ನಿಮಿಷ ಮೊದಲು ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿಟ್ಟುಕೊಳ್ಳಿ. ಚಳಿಗಾಲದ ಮುಂಜಾವಿನಲ್ಲಿ ಮಂಜಿನ ಜೊತೆ ಗದ್ದೆಯಲ್ಲಿ ಸುಟ್ಟ ಕಬ್ಬಿನ ತರಗಿನ ಹೊಗೆ ನೆಲಮಟ್ಟದಲ್ಲೇ ನಿಂತಿರುತ್ತದೆ, ಆದ್ದರಿಂದ ಬಿಸಿಲೇರಿದ ಮೇಲೆ ನಡೆಸುವುದು ಮೇಲು.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ತುಂಬಿದ ಹೊಟ್ಟೆ ವಪೆಯನ್ನು (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಒತ್ತುವುದರಿಂದ ದೊಡ್ಡ ಮುದ್ದೆಯನ್ನು ಒಮ್ಮೆಗೇ ಉಣ್ಣುವ ಬದಲು ಅಷ್ಟನ್ನೇ ಎರಡು ಹೊತ್ತಿಗೆ ಹಂಚಿ, ಜೊತೆಗೆ ಮೊಟ್ಟೆ ಅಥವಾ ಮೊಳಕೆಕಾಳಿನ ಸಾರು ಇರಲಿ. ಪ್ರೋಟೀನ್ ಇಲ್ಲದೆ ಸ್ನಾಯು ಬೆಳೆಯುವುದಿಲ್ಲ.

ಪ್ರಶ್ನೆ: ನನಗೆ 58 ವರ್ಷ. ಬೀಡಿ, ಸಿಗರೇಟು ಮುಟ್ಟಿದವಳಲ್ಲ, ಆದರೂ ಸಿಒಪಿಡಿ ಇದೆ ಎಂದಿದ್ದಾರೆ. ದಿನವೂ ಪ್ರಾಣಾಯಾಮ ಮಾಡುತ್ತೇನೆ. ಅದೇ ಸಾಲದೇ, ಬೇರೆ ವ್ಯಾಯಾಮ ಏಕೆ?
– ಓದುಗರೊಬ್ಬರು, ನಂಜನಗೂಡು

ಉತ್ತರ: ಸೌದೆ ಒಲೆಯ ಮುಂದೆ ಕಳೆದ ವರ್ಷಗಳನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ದಿನಕ್ಕೆ ಎಷ್ಟು ಗಂಟೆ ಎಂಬುದನ್ನು ಎಷ್ಟು ವರ್ಷ ಎಂಬುದರಿಂದ ಗುಣಿಸಿದರೆ ಬರುವ ಸಂಖ್ಯೆಗೆ ಹೊಗೆಯ ಸೂಚ್ಯಂಕವೆನ್ನುತ್ತಾರೆ. ನಮ್ಮ ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರ ಮೇಲೆಯೇ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಸಂಖ್ಯೆ 60 ತಲುಪಿದಾಗ ದೀರ್ಘಕಾಲದ ಬ್ರಾಂಕೈಟಿಸ್‌ನ (ಶ್ವಾಸನಾಳಗಳ ಉರಿಯೂತ) ಅಪಾಯ ಗಣನೀಯವಾಗುತ್ತದೆ ಎಂದು ಕಂಡುಕೊಂಡಿತು. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಅಡುಗೆ ಮಾಡಿದರೆ ಅರವತ್ತಾಯಿತು. ಸ್ನಾನದ ನೀರಿಗಾಗಿ ಈಗಲೂ ಸೌದೆ ಉರಿಸುತ್ತಿದ್ದರೆ ದಯವಿಟ್ಟು ನಿಲ್ಲಿಸಿ.

ಪ್ರಾಣಾಯಾಮವನ್ನು ಬಿಡಬೇಕಾಗಿಲ್ಲ. ನಿಧಾನವಾಗಿ, ದೀರ್ಘವಾಗಿ ಉಸಿರು ಬಿಡುವ ಅಭ್ಯಾಸ ನಿಮ್ಮ ಕಾಯಿಲೆಗೆ ಹೊಂದುತ್ತದೆ. ಆದರೆ ಕಪಾಲಭಾತಿ, ಭಸ್ತ್ರಿಕಾದಂತಹ ವೇಗದ ಉಸಿರಾಟ ಮತ್ತು ಉಸಿರು ಹಿಡಿಯುವ ಕುಂಭಕ ನಿಮಗೆ ಬೇಡ. ಎದೆಯಲ್ಲಿ ಗಾಳಿ ಸಿಕ್ಕಿಕೊಳ್ಳುವವರಿಗೆ ಅವು ತೊಂದರೆಯನ್ನೇ ಹೆಚ್ಚಿಸಬಹುದು. ಅದಲ್ಲದೆ ಕುಳಿತು ಮಾಡುವ ಯಾವ ಉಸಿರಾಟದ ಅಭ್ಯಾಸವೂ ತೊಡೆಗೆ ಬಲ ಕೊಡಲಾರದು. ಪ್ರಾಣಾಯಾಮದ ಜೊತೆಗೆ ನಡಿಗೆಯೂ ಇರಲಿ. ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದನ್ನು, ಅರ್ಧ ಲೀಟರ್ ನೀರಿನ ಬಾಟಲಿಗಳನ್ನು ಹಿಡಿದು ತೋಳೆತ್ತುವುದನ್ನು ವಾರಕ್ಕೆ ಎರಡು ಮೂರು ದಿನ ಮಾಡಿ. ತೋಳಿನ ವ್ಯಾಯಾಮ ಹೆಚ್ಚಿನವರು ಕೈಬಿಡುವಂಥದ್ದು. ಆದರೆ ಬಟ್ಟೆ ಒಣಹಾಕುವಾಗ, ತಲೆ ಬಾಚುವಾಗ ದಮ್ಮು ಬರುವವರಿಗೆ ಅದೇ ಹೆಚ್ಚು ಬೇಕಾದದ್ದು.

ಪ್ರಶ್ನೆ: ಸಿಒಪಿಡಿ ಉಲ್ಬಣಿಸಿ ಆಸ್ಪತ್ರೆಯಲ್ಲಿದ್ದ ಅಮ್ಮನನ್ನು ಮನೆಗೆ ಕರೆತಂದು ಎರಡು ವಾರವಾಯಿತು. ಆಕ್ಸಿಮೀಟರ್ ಕುಳಿತಾಗ 94, ನಡೆದಾಗ 90 ತೋರಿಸುತ್ತದೆ. ಪೂರ್ತಿ ಚೇತರಿಸಿಕೊಂಡ ಮೇಲೆ ವ್ಯಾಯಾಮ ಶುರುಮಾಡಿದರೆ ಆಗದೇ?
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಹಾಗೆ ಕಾಯುವುದರಲ್ಲೇ ಸ್ನಾಯುಬಲ ಕರಗುತ್ತದೆ. ಉಲ್ಬಣ ಇಳಿದು ಮನೆಗೆ ಬಂದ ಮೊದಲ ನಾಲ್ಕು ವಾರಗಳೊಳಗೆ ಆರಂಭಿಸುವುದು ಒಳ್ಳೆಯದು. ಅಮೆರಿಕದಲ್ಲಿ ಹೀಗೆ ಆಸ್ಪತ್ರೆಯಿಂದ ಮರಳಿದ ಸುಮಾರು 2 ಲಕ್ಷ ಹಿರಿಯರ ದಾಖಲೆಗಳನ್ನು ಪರಿಶೀಲಿಸಿದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 90 ದಿನಗಳೊಳಗೆ ತರಬೇತಿ ಆರಂಭಿಸಿದವರಲ್ಲಿ ಒಂದು ವರ್ಷದೊಳಗಿನ ಸಾವು ಕಡಿಮೆಯಿತ್ತು. ಗಟ್ಟಿಮುಟ್ಟಾಗಿದ್ದವರೇ ಹೆಚ್ಚಾಗಿ ಸೇರಿರಬಹುದಾದ್ದರಿಂದ ಪೂರ್ತಿ ಶ್ರೇಯಸ್ಸನ್ನು ತರಬೇತಿಗೇ ಕೊಡಲಾಗದು. ಆದರೆ ಆ ಅವಧಿಯಲ್ಲಿ ತರಬೇತಿ ಆರಂಭಿಸಿದವರು ಅಲ್ಲಿಯೂ ಶೇಕಡ 1.5ರಷ್ಟು ಮಂದಿ ಮಾತ್ರ ಎಂಬುದು ನೋವಿನ ಸಂಗತಿ.

90 ಎಂಬ ಅಂಕಿಗೆ ಹೆದರಬೇಡಿ. ನಡೆಯುವಾಗ 88ಕ್ಕಿಂತ ಕೆಳಗಿಳಿದರೆ ನಿಲ್ಲಿಸಿ. ಪ್ರತಿ ಸಲವೂ ಹಾಗಾಗುತ್ತಿದ್ದರೆ ವ್ಯಾಯಾಮದ ವೇಳೆ ಆಮ್ಲಜನಕ ಬೇಕೇ ಎಂದು ಶ್ವಾಸಕೋಶ ತಜ್ಞರು ನಿರ್ಧರಿಸಬೇಕು. ಬೆರಳು ತಣ್ಣಗಿದ್ದರೆ ಅಥವಾ ಉಗುರಿಗೆ ಬಣ್ಣವಿದ್ದರೆ ಅಂಕಿ ತಪ್ಪಾಗಿ ತೋರಬಹುದು. ಮೊದಲ ವಾರಗಳಲ್ಲಿ ಮನೆಯೊಳಗಿನ ನಡಿಗೆಯೇ ಸಾಕು, ಆಮೇಲೆ ಜೊತೆಗೊಬ್ಬರಿದ್ದು ಕುಕ್ಕರಹಳ್ಳಿ ಕೆರೆಯ ದಾರಿಯಲ್ಲಿ ಅಲ್ಲಲ್ಲಿ ಕೂರುತ್ತ ನಡೆಸಬಹುದು. ಬೆಟ್ಟದ ಮೆಟ್ಟಿಲು ಹತ್ತಿಸುವ ಹರಕೆಯಿದ್ದರೆ ಸದ್ಯಕ್ಕೆ ಬೇಡ. ಕಫದ ಬಣ್ಣ ಹಳದಿ ಅಥವಾ ಹಸಿರಿಗೆ ತಿರುಗಿ ಪ್ರಮಾಣ ಹೆಚ್ಚಾದರೆ, ಜ್ವರ ಬಂದರೆ, ಕಾಲು ಊದಿಕೊಂಡರೆ ವ್ಯಾಯಾಮ ನಿಲ್ಲಿಸಿ ಅಂದೇ ವೈದ್ಯರಿಗೆ ತೋರಿಸಿ. ಎದೆನೋವು, ತಲೆಸುತ್ತು, ತುಟಿ ನೀಲಿಗಟ್ಟುವುದು, ಮಂಪರು ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.