ವೀಸಾಗಾಗಿ ಒಂದು ಮದುವೆ, ನಡುವೆ ಹುಟ್ಟಿದ ಪ್ರೀತಿ

ನಾನು ಆಪ್ತ ಸಮಾಲೋಚಕಿ. ನನ್ನ ಬಳಿ ಬಂದ ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಊರು, ಕೆಲಸ, ಮನೆಯವರ ವಿವರ ಎಲ್ಲ ಬದಲಿಸಿದ್ದೇನೆ. ಹೆಸರು ಬೇಡ, ಹುಡುಗ ಹುಡುಗಿ ಎಂದೇ ಕರೆಯೋಣ.

ಹುಡುಗ ಹಾಸನದ ಕಡೆಯವನು. ಅಮೆರಿಕದ ನ್ಯೂಜೆರ್ಸಿಯಲ್ಲಿ ಎಂ.ಎಸ್. ಮುಗಿಸಿ ಅಲ್ಲೇ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ್ದ. ಓದು ಮುಗಿದ ಮೇಲೆ ಕೆಲಸ ಮಾಡಲು ಸಿಗುವ ಓಪಿಟಿ ಎಂಬ ಅನುಮತಿ 12 ತಿಂಗಳು, ತಾಂತ್ರಿಕ ವಿಷಯ ಓದಿದವರಿಗೆ ಇನ್ನೊಂದು 24 ತಿಂಗಳು. ಅದೂ ಮುಗಿಯುತ್ತಾ ಬಂದಿತ್ತು. ವಿದೇಶಿ ಪರಿಣತರಿಗೆ ಕೊಡುವ ಕೆಲಸದ ವೀಸಾ ಎಚ್-1ಬಿ. ಅದರ ಲಾಟರಿಗೆ ಕಂಪನಿ ಪ್ರತಿ ವರ್ಷ ಹೆಸರು ಕೊಟ್ಟರೂ ಒಮ್ಮೆಯೂ ಬರಲಿಲ್ಲ. ವರ್ಷಕ್ಕೆ ಇರುವುದೇ 65,000 ಜಾಗ, ಅಮೆರಿಕದಲ್ಲಿ ಮಾಸ್ಟರ್ಸ್ ಮಾಡಿದವರಿಗೆ ಬೇರೆ 20,000. ಲಾಟರಿ ಎತ್ತುವುದು ಮಾರ್ಚ್ ಕೊನೆಗೆ, ಸುಮಾರು ಯುಗಾದಿ ಹೊತ್ತಿಗೆ. ಹೆಸರು ಬರದ ಹುಡುಗರು ಊರಿಗೆ ಫೋನ್ ಮಾಡಿ "ಹೋಳಿಗೆ ಮಾಡಿದ್ರಾ ಅಮ್ಮ" ಎಂದು ಕೇಳಿ, ಫೋನ್ ಇಟ್ಟ ಮೇಲೆ ಗಂಟೆಗಟ್ಟಲೆ ಗೋಡೆ ನೋಡುತ್ತಾ ಕೂರುತ್ತಾರೆ. ಇವನೂ ಹಾಗೇ ಕೂತಿದ್ದ.

ಹುಡುಗಿ ನ್ಯೂಜೆರ್ಸಿಯಲ್ಲೇ ಹುಟ್ಟಿದವಳು, ಅಲ್ಲಿನ ಪ್ರಜೆ. ಅಪ್ಪ ಅಮ್ಮ ಮೈಸೂರಿನವರು. ಕನ್ನಡ ಕೂಟದ ನಾಟಕದ ತಾಲೀಮಿನಲ್ಲಿ ಇಬ್ಬರ ಸ್ನೇಹ ಬೆಳೆದಿತ್ತು. ಲಾಟರಿ ಸುದ್ದಿ ಕೇಳಿ ಅವಳೇ ಹೇಳಿದಳಂತೆ: "ನನ್ನನ್ನೇ ಮದುವೆ ಆಗಿಬಿಡೋ. ಎರಡು ವರ್ಷ ಅಷ್ಟೇ. ಆಮೇಲೆ ನಿನ್ ದಾರಿ ನಿಂಗೆ." ಅವಳಿಗೂ ಒಂದು ಅನುಕೂಲ ಇತ್ತು. ಅಮ್ಮ ಗಂಡು ಹುಡುಕುವುದನ್ನು ನಿಲ್ಲಿಸುತ್ತಾರಲ್ಲ! ಅವನು ಅವಳ ಓದಿನ ಸಾಲದ ಕಂತು ಕಟ್ಟುತ್ತೇನೆ ಅಂದ. ಕೈ ಕುಲುಕಿ ಮಾತು ಮುಗಿಸಿದರು.

ಹುಡುಗ ನನ್ನ ಬಳಿ ಬಂದದ್ದು ನಿದ್ದೆ ಬರುತ್ತಿಲ್ಲ, ಎದೆ ಬಿಗಿಯುತ್ತದೆ ಎಂದು. ಹೃದಯಕ್ಕೇನೂ ತೊಂದರೆ ಇಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ನನಗೆ ಶನಿವಾರ ಬೆಳಿಗ್ಗೆ, ಅವನಿಗೆ ಶುಕ್ರವಾರ ರಾತ್ರಿ. ವೀಡಿಯೊ ಕಾಲ್‌ನಲ್ಲಿ ಮಾತು. ವೀಸಾ ಚಿಂತೆ ಇರಬೇಕು ಎಂದುಕೊಂಡೆ. ಅವನು ಒಂದು ಎಕ್ಸೆಲ್ ಶೀಟ್ ತೋರಿಸಿದ.

ಮದುವೆಯ ಮೂಲಕ ಗ್ರೀನ್ ಕಾರ್ಡ್, ಅಂದರೆ ಅಮೆರಿಕದಲ್ಲಿ ಖಾಯಂ ಆಗಿ ನೆಲೆಸುವ ಪರವಾನಗಿ, ಕೇಳಿದವರನ್ನು ವಲಸೆ ಅಧಿಕಾರಿಗಳು ಸಂದರ್ಶನ ಮಾಡುತ್ತಾರೆ. ಅನುಮಾನ ಬಂದರೆ ಗಂಡ ಹೆಂಡತಿಯನ್ನು ಬೇರೆ ಬೇರೆ ಕೂರಿಸಿ ಒಂದೇ ಪ್ರಶ್ನೆ ಕೇಳಿ, ಉತ್ತರ ತಾಳೆ ನೋಡುತ್ತಾರೆ. ನ್ಯೂಯಾರ್ಕಿನಲ್ಲಿ 1976ರಲ್ಲಿ ಮುಗಿದ ಒಂದು ಕೇಸಿನಿಂದಾಗಿ ಇದಕ್ಕೆ ಸ್ಟೋಕ್ಸ್ ಸಂದರ್ಶನ ಎಂಬ ಹೆಸರು ಬಂದಿದೆ. ಮದುವೆ ಇನ್ನೂ ಆಗಿರಲಿಲ್ಲ, ಆಗಲೇ ಇವರು ಅದಕ್ಕೆ ತಯಾರಿ ನಡೆಸಿದ್ದರು. ಹಾಸಿಗೆಯಲ್ಲಿ ಯಾರು ಯಾವ ಕಡೆ ಮಲಗುವುದು? ಬೆಳಿಗ್ಗೆ ಮೊದಲು ಏಳುವವರು ಯಾರು? ಬಚ್ಚಲಿನ ಪರದೆ ಯಾವ ಬಣ್ಣ? ಪ್ರಶ್ನೆ ಒಂದು ಸಾಲಲ್ಲಿ, ಅವನ ಉತ್ತರ ಒಂದು ಕಡೆ, ಅವಳ ಉತ್ತರ ಇನ್ನೊಂದು ಕಡೆ. ಪ್ರತಿ ಭಾನುವಾರ ತಾಲೀಮು. ಅವಳು ಅಧಿಕಾರಿಯಾಗಿ ಗದರಿಸಿ ಕೇಳುವುದು, ಇವನು ತೊದಲುವುದು, ಇಬ್ಬರೂ ನಕ್ಕು ನಕ್ಕು ಸುಸ್ತಾಗುವುದು.

ಆ ಶೀಟ್‌ನ ಕೆಳಗೆ ಯಾವ ಅಧಿಕಾರಿಯೂ ಕೇಳದ ಸಾಲುಗಳಿದ್ದವು. "ಉಪ್ಪಿಟ್ಟಿನ ಕರಿಬೇವನ್ನು ತಟ್ಟೆ ಅಂಚಿಗೆ ಸಾಲಾಗಿ ಜೋಡಿಸುತ್ತಾಳೆ, ಎಸೆಯೋದು ಕೊನೆಗೆ." "ಅಜ್ಜಿ ಜೊತೆ ಮಾತಾಡಿದ ದಿನ ಸಂಜೆವರೆಗೂ ಕನ್ನಡದಲ್ಲೇ ಇರ್ತಾಳೆ." ಇವನ್ನು ಯಾಕೆ ಬರೆದಿರಿ ಎಂದೆ. ಉತ್ತರ ಬರಲಿಲ್ಲ. ಕಿವಿ ಕೆಂಪಾಯಿತು. ಎದೆ ಬಿಗಿಯುವುದರ ಕಾರಣ ನನಗೆ ಅಲ್ಲಿ ಸಿಕ್ಕಿತು.

ಇಷ್ಟರ ನಡುವೆ ಅಮ್ಮಂದಿರು ಸುಮ್ಮನಿರಲಿಲ್ಲ. "ಕೋರ್ಟಲ್ಲಿ ರಿಜಿಸ್ಟರ್ ಮಾಡ್ಕೋತೀವಿ, ಜಾಸ್ತಿ ಗಲಾಟೆ ಬೇಡ" ಎಂದು ಮಕ್ಕಳು ಹೇಳಿದ್ದಷ್ಟೇ. ಹಾಸನದ ಅಮ್ಮ, ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದ ಹುಡುಗಿಯ ಅಮ್ಮ ವಾಟ್ಸಾಪಿನಲ್ಲಿ ಗೋತ್ರ ಕೇಳಿ, ಜಾತಕ ಹೊಂದಿಸಿ, ಧಾರೆ ಸೀರೆಯ ಫೋಟೊ ಕಳಿಸಿಕೊಂಡಾಗಿತ್ತು. ಬೀಗಿತ್ತಿಯರಾಗಿಬಿಟ್ಟಿದ್ದರು. ಎರಡು ವರ್ಷದಲ್ಲಿ ಮುರಿಯಲಿರುವ ಮದುವೆಗೆ ಅಜ್ಜಿ ತಮ್ಮ ಓಲೆ ತೆಗೆದಿಟ್ಟಿದ್ದಾರೆ ಎಂದು ಹೇಳುವಾಗ ಹುಡುಗಿ ಅತ್ತಳು.

ಹೌದು, ಮುಂದಿನ ವಾರಗಳಲ್ಲಿ ಅವಳೂ ಬಂದಳು. ಬೇರೆಯಾಗಿಯೇ ಮಾತಾಡಿಸಿದೆ. ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದೆ: "ನಾಳೆ ಬೆಳಿಗ್ಗೆ ವೀಸಾ ತಾನಾಗೇ ಸಿಕ್ಕಿಬಿಟ್ಟರೆ ಆಗಲೂ ಈ ಮದುವೆ ಬೇಕಾ?"

ಅವನು ಹೇಳಿದ: "ನಂಗೆ ಬೇಕು ಮೇಡಂ. ಆದ್ರೆ ಈಗ ಇಷ್ಟ ಅಂದ್ರೆ ಗ್ರೀನ್ ಕಾರ್ಡ್‌ಗೆ ಹೇಳ್ತಿದ್ದಾನೆ ಅಂದ್ಕೋತಾಳೆ."

ಅವಳು ಹೇಳಿದಳು: "ನಾನ್ ಹೇಳಿದ್ರೆ ಅವ್ನು ಬೇಡ ಅನ್ನೋಕೆ ಆಗಲ್ಲ. ಅವ್ನ ಪೇಪರ್ಸ್ ನನ್ ಕೈಲಿದೆ. ಹೌದು ಅಂದ್ರೂ ನಾನು ಹೇಗೆ ನಂಬಲಿ?"

ಈ ಪ್ರಕರಣದ ಗಂಟು ಇದೇ. ಸಿನಿಮಾಗಳಲ್ಲಿ ಸುಳ್ಳು ಮದುವೆ ಪ್ರೀತಿಗೆ ಬಾಗಿಲು ತೆರೆಯುತ್ತದೆ. ನಾನು ಕಂಡ ಮಟ್ಟಿಗೆ ಒಪ್ಪಂದ ಪ್ರೀತಿಯ ಬಾಯಿ ಕಟ್ಟುತ್ತದೆ. ಒಬ್ಬರ ಭವಿಷ್ಯ ಇನ್ನೊಬ್ಬರ ಸಹಿ ಮೇಲೆ ನಿಂತಾಗ ಕಾಫಿ ಮಾಡಿಕೊಟ್ಟರೂ ಅದು ಋಣ ತೀರಿಸಿದ ಹಾಗೆ ಕಾಣುತ್ತದೆ. ಜಗಳ ಆಡುವ ಧೈರ್ಯ ಇರುವುದಿಲ್ಲ. ಜಗಳ ಆಡಲಾಗದ ಮನೆಯಲ್ಲಿ ಪ್ರೀತಿ ಎಷ್ಟು ದಿನ ಬಾಳುತ್ತದೆ? ನಿಜವಾದ ಮದುವೆಯಲ್ಲೂ "ಅರ್ಜಿ ವಾಪಸ್ ತಗೋತೀನಿ" ಎಂದು ಹೆದರಿಸುವವರನ್ನು ನೋಡಿದ್ದೇನೆ. ಹಾಗೆ ಹೆದರಿಕೊಂಡು ಹಿಂಸೆ ಸಹಿಸುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ತಿಳಿದಿರಲಿ: ಅಮೆರಿಕದ ಪ್ರಜೆಯೋ ಗ್ರೀನ್ ಕಾರ್ಡ್ ಇರುವವರೋ ಆದ ಸಂಗಾತಿ ಹಿಂಸೆ ಕೊಡುತ್ತಿದ್ದರೆ ಅವರ ಸಹಿ ಇಲ್ಲದೆ ನೀವೇ ಅರ್ಜಿ ಹಾಕಿಕೊಳ್ಳಲು 1994ರ ಕಾನೂನಿನಲ್ಲಿ ದಾರಿ ಇದೆ. ಗಂಡಸರಿಗೂ ಇದೆ.

ನನ್ನ ಮೊದಲ ಸಲಹೆ, ತಕ್ಷಣ ವಲಸೆ ವಕೀಲರನ್ನು ನೋಡಿ, ಒಂದನ್ನೂ ಮುಚ್ಚಿಡಬೇಡಿ ಎಂದು. ಕಾನೂನು ನನ್ನ ಕೆಲಸ ಅಲ್ಲ. ಸ್ನೇಹಿತರ ಗುಂಪಿನಲ್ಲಿ ಕೇಳಿದ "ಎಲ್ಲರೂ ಮಾಡ್ತಾರೆ ಬಿಡು" ಅನ್ನೋದು ಸಲಹೆಯೇ ಅಲ್ಲ. ವಕೀಲರ ಬಳಿ ಹೋಗಿಬಂದ ಮೇಲೆ ಇಬ್ಬರ ಮುಖದಲ್ಲೂ ರಕ್ತ ಇರಲಿಲ್ಲ. ವಲಸೆ ಕಾನೂನು ತಪ್ಪಿಸಿಕೊಳ್ಳಲೆಂದೇ ಮದುವೆಯಾದರೆ 5 ವರ್ಷದವರೆಗೆ ಜೈಲು, 2,50,000 ಡಾಲರ್‌ವರೆಗೆ ದಂಡ. ಇದು ಇಬ್ಬರಿಗೂ. ಅದಕ್ಕಿಂತ ಅವರನ್ನು ಅಲುಗಾಡಿಸಿದ್ದು ಇನ್ನೊಂದು ವಿಷಯ. ಇಂಥ ಮದುವೆ ಎಂದು ಒಮ್ಮೆ ತೀರ್ಮಾನವಾದರೆ ಮುಂದೆ ಮನಸಾರೆ ಮದುವೆಯಾದರೂ ಸಂಗಾತಿಯ ಅರ್ಜಿ ಮಂಜೂರಾಗುವುದಿಲ್ಲ. ಆಮೇಲೆ ಪ್ರೀತಿ ಹುಟ್ಟಿತು ಅಂದರೆ ಸಾಲದು. ಮದುವೆಯಾದ ಹೊತ್ತಿಗೆ ಒಟ್ಟಿಗೆ ಬಾಳುವ ಮನಸ್ಸಿತ್ತೇ ಎಂಬುದೇ ಮುಖ್ಯ ಪ್ರಶ್ನೆ.

"ಎರಡು ವರ್ಷ ಅಷ್ಟೇ" ಎಂಬ ಲೆಕ್ಕವೂ ತಪ್ಪು. ಹೊಸದಾಗಿ ಮದುವೆಯಾದವರಿಗೆ ಮೊದಲು ಸಿಗುವ ಕಾರ್ಡ್ ಎರಡು ವರ್ಷದ ಷರತ್ತಿನದು. ಅವಧಿ ಮುಗಿಯುವ ಮುಂಚಿನ 90 ದಿನಗಳಲ್ಲಿ ಸಾಮಾನ್ಯವಾಗಿ ಇಬ್ಬರೂ ಸೇರಿ ಮತ್ತೆ ಅರ್ಜಿ ಹಾಕಬೇಕು. ಇವನನ್ನು ನಾನು ಸಾಕುತ್ತೇನೆ ಎಂದು ಹುಡುಗಿ ಸಹಿ ಹಾಕುವ ಪತ್ರ ವಿಚ್ಛೇದನವಾದರೂ ಬಿಡುವುದಿಲ್ಲ. ಸಾಮಾನ್ಯವಾಗಿ ಅವನು ಅಲ್ಲಿನ ಪ್ರಜೆಯಾಗುವವರೆಗೆ, ಇಲ್ಲವೇ ಸುಮಾರು ಹತ್ತು ವರ್ಷದ ದುಡಿಮೆ ಲೆಕ್ಕಕ್ಕೆ ಸೇರುವವರೆಗೆ ಅದು ಅವಳ ತಲೆ ಮೇಲಿರುತ್ತದೆ. ಗೆಳೆಯನಿಗೆ ಸಹಾಯ ಎಂದುಕೊಂಡಿದ್ದ ಹುಡುಗಿಗೆ ಇದ್ಯಾವುದೂ ಗೊತ್ತಿರಲಿಲ್ಲ.

ಇನ್ನು ಮನಸ್ಸಿನ ವಿಷಯದಲ್ಲಿ ನಾನು ಹೇಳಿದ್ದು. ಭಾನುವಾರದ ತಾಲೀಮು ನಿಲ್ಲಿಸಿ. ಸಾಲದ ಕಂತಿನ ಮಾತು ಇವತ್ತೇ ಕೈಬಿಡಿ. ಅವನ ಮುಂದಿನ ಬದುಕಿಗೆ ಅವಳ ಸಹಿ ಬೇಡದ ಒಂದು ದಾರಿ ಹುಡುಕಿ, ಅದು ಎಷ್ಟೇ ಕಷ್ಟದ್ದಾದರೂ ಸರಿ. ಆಮೇಲೆ ಮಾತ್ರ ಮನಸ್ಸಿನ ಮಾತು ಆಡಿ. ಆಡುವಾಗ ವೀಸಾ ಎಂಬ ಪದ ಬರಬಾರದು, ಉತ್ತರಕ್ಕೆ ಗಡುವು ಇರಬಾರದು.

ಹುಡುಗ ಸಿಡುಕಿದ. "ವಾಪಸ್ ಬಂದ್ರೆ ಊರಲ್ಲಿ ಸೋತು ಬಂದ ಅಂತಾರೆ ಮೇಡಂ." ಈ ಹೆದರಿಕೆ ಸಣ್ಣದಲ್ಲ, ಅದರ ಮೇಲೆ ಬಹಳ ಹೊತ್ತು ಮಾತಾಡಿದೆವು. ಓದಿನ ಸಾಲ ಎಷ್ಟು ಉಳಿದಿದೆ, ಬೆಂಗಳೂರಿನ ಸಂಬಳದಲ್ಲಿ ಕಟ್ಟಲು ಎಷ್ಟು ವರ್ಷ ಬೇಕು ಎಂದು ಕಾಗದದಲ್ಲಿ ಬರೆಸಿದೆ. ಲೆಕ್ಕ ಬರೆದ ಮೇಲೆ ಸೋಲು ಎಂಬ ಮಾತು ಕಡಿಮೆಯಾಯಿತು. ಅವನ ಕಂಪನಿಗೆ ಬೆಂಗಳೂರಿನಲ್ಲೂ ಆಫೀಸಿತ್ತು. ಅಲ್ಲಿ ಒಂದು ವರ್ಷ ಕೆಲಸ ಮಾಡಿದರೆ ಅದೇ ಕಂಪನಿ ತನ್ನ ನೌಕರರನ್ನು ಅಮೆರಿಕದ ಆಫೀಸಿಗೆ ವರ್ಗಾಯಿಸಲು ಇರುವ ಎಲ್-1 ವೀಸಾಕ್ಕೆ ಪ್ರಯತ್ನಿಸಬಹುದು ಎಂದು ವಕೀಲರು ಹೇಳಿದ್ದರು.

ಅಮ್ಮಂದಿರಿಗೆ ನಿಜ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ತಮ್ಮ ತಮ್ಮ ಅಮ್ಮಂದಿರಿಗೆ ತಾವೇ, ಒಬ್ಬರ ಮೇಲೊಬ್ಬರು ತಪ್ಪು ಹೊರಿಸದೆ ಹೇಳಬೇಕು ಎಂದಿದ್ದೆ. ಹಾಸನದ ಅಮ್ಮ ವಾರ ಮಾತು ಬಿಟ್ಟರು. ಹುಡುಗಿಯ ಅಮ್ಮ "ಮದುವೆ ಅಂದ್ರೆ ಆಟಾನಾ?" ಎಂದು ಬೈದರು. ಅವರು ಕೇಳಿದ್ದು ಸರಿಯಾಗಿಯೇ ಇತ್ತು.

ಮದುವೆಯ ಒಪ್ಪಂದ ಬಿಟ್ಟು ಅವನು ಬೆಂಗಳೂರಿಗೆ ಹೊರಟು ಬಂದ. ಬಂದ ಮೇಲೆ, ಕೆಲಸ ಗಟ್ಟಿಯಾದ ಮೇಲೆ, ಅವಳಿಗೆ ಹೇಳಿದ. ಅವಳು ಯೋಚನೆ ಮಾಡಬೇಕು ಅಂದಳಂತೆ. ಯೋಚಿಸಲು ಬೇಕಾದಷ್ಟು ಸಮಯ ತೆಗೆದುಕೊಂಡಳು. ಅವಳ ಬಳಿ ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇತ್ತು, ಇಲ್ಲಿ ಇದ್ದು ಕೆಲಸ ಮಾಡಲು ಅಡ್ಡಿ ಇಲ್ಲ. ದಸರಾಕ್ಕೆಂದು ಮೈಸೂರಿನ ಅಜ್ಜಿ ಮನೆಗೆ ಬಂದವಳು ಆಫೀಸಿನಲ್ಲಿ ಅನುಮತಿ ಪಡೆದು ಇಲ್ಲೇ ಉಳಿದಿದ್ದಾಳೆ.

ಈಗ ಇಬ್ಬರೂ ಒಟ್ಟಿಗೆ ಬರುತ್ತಾರೆ, ಜಗಳ ಹೊತ್ತುಕೊಂಡು. ಮದುವೆಯಾದ ಮೇಲೆ ಅವನ ಅಮ್ಮ ಜೊತೆಗೆ ಇರಬೇಕೇ, ಪಕ್ಕದ ಬೀದಿಯಲ್ಲಿ ಇರಬೇಕೇ? ನೆಲೆಸುವುದು ಬೆಂಗಳೂರೋ ನ್ಯೂಜೆರ್ಸಿಯೋ? ಅವಳು ದನಿ ಎತ್ತುತ್ತಾಳೆ, ಅವನು ಸೋಲದೆ ವಾದಿಸುತ್ತಾನೆ. ಮುಂದಿನ ಭೇಟಿಗೆ ಹಾಸನದ ಅಮ್ಮನನ್ನೂ ಕರೆತನ್ನಿ, ಅವರಿಗೆ ಎಲ್ಲಿರಲು ಇಷ್ಟ ಎಂದು ಅವರನ್ನೇ ಕೇಳೋಣ ಎಂದಿದ್ದೇನೆ.