ಪ್ರೂಫ್ ಎಷ್ಟು ಸಲ ಓದಿದರೂ ತಪ್ಪು ಉಳಿಯುತ್ತದೆ, ಏಕಾಗ್ರತೆ ಹೆಚ್ಚಿಸಿಕೊಳ್ಳುವುದು ಹೇಗೆ?

ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಅಚ್ಚಿಗೆ ಪುಟ ಸಿದ್ಧಮಾಡುವ ಕೆಲಸ ಮಾಡ್ತೀನಿ, ಧ್ಯಾನ ಕಲಿತರೆ ತಪ್ಪು ಕಡಿಮೆಯಾಗುತ್ತಾ ಅಂತ ಕೇಳಿದ್ದೀರಿ. ಮನಸ್ಸಿನ ನೆಮ್ಮದಿಗೆ ಬೇಕಾದರೆ ಕಲಿಯಿರಿ, ಪ್ರೂಫಿಗೆ ಬೇಡ. ನಿಮಗೆ ಏಕಾಗ್ರತೆ ಕಡಿಮೆ ಅಂತ ನನಗೆ ಅನಿಸುವುದೇ ಇಲ್ಲ. ನಾನೂ ಪ್ರೆಸ್ಸಿನಲ್ಲಿ ಇದೇ ಕೆಲಸ ಮಾಡಿದವನು. ನನ್ನ ದೊಡ್ಡ ತಪ್ಪು ಆದದ್ದು ಅತಿ ಹೆಚ್ಚು ಗಮನ ಕೊಟ್ಟು ಓದಿದ ಕಾರ್ಡಿನಲ್ಲೇ.

ಮದುವೆ ಕಾರ್ಡು. ಹುಡುಗಿಯ ತಂದೆ ಬಂದು ಕೂತವರೇ, "ಹೆಸರು ಮಾತ್ರ ತಪ್ಪಬಾರದು ನೋಡಪ್ಪಾ. ದೊಡ್ಡ ಮಗಳ ಮದುವೇಲಿ ನಮ್ಮ ಷಡ್ಡಕರ ಹೆಸರು ಬಿಟ್ಟುಹೋಗಿ ಅವರು ಊಟಕ್ಕೇ ಕೂರಲಿಲ್ಲ" ಎಂದರು. ಆ ಮಾತು ತಲೆಯಲ್ಲಿ ಉಳಿದುಬಿಟ್ಟಿತು. ಎಲ್ಲರೂ ಮಾಡುವ ಹಾಗೆ ಹಳೇ ಕಾರ್ಡಿನ ಫೈಲ್ ತೆರೆದು ಹೊಸ ವಿವರ ತುಂಬಿದೆ. ಹಳೆಯದರಲ್ಲಿ ಮುಹೂರ್ತ ಭಾನುವಾರ, ಇವರದು ಗುರುವಾರ. ತಾರೀಕು ಬದಲಾಯಿಸಿದೆ, ವಾರ ಹಾಗೇ ಉಳಿಯಿತು. ಮೇಲಿನ ಸಾಲಿನಲ್ಲಿ ಆರತಕ್ಷತೆ 11, ಬುಧವಾರ. ಅದರ ಕೆಳಗೇ ಮುಹೂರ್ತ 12, ಭಾನುವಾರ. ಬುಧವಾರದ ಮಾರನೇ ದಿನ ಭಾನುವಾರ! ಅದೂ ಇಡೀ ಕಾರ್ಡಿನಲ್ಲೇ ದಪ್ಪ ಅಕ್ಷರದ ಸಾಲು, ಕುಂಕುಮ ಬಣ್ಣದಲ್ಲಿ.

ನಾನು ಅವಸರ ಮಾಡಿರಲಿಲ್ಲ. ಫೋನ್ ಕೂಡ ಪಕ್ಕದಲ್ಲಿರಲಿಲ್ಲ. "ಸುಖಾಗಮನ ಬಯಸುವವರು" ಪಟ್ಟಿಯನ್ನು ಅವರ ಕೈಬರಹದ ಚೀಟಿ ಜೊತೆ ಒಂದೊಂದೇ ಹೆಸರು ಇಟ್ಟು ನೋಡಿದ್ದೆ. ಇನಿಷಿಯಲ್ ಸರಿ, ದೀರ್ಘ ಸರಿ, ಒತ್ತು ಸರಿ. ಆದರೆ ಪ್ರತಿ ಸಲ ಓದುವಾಗಲೂ ನಾನು ಹುಡುಕುತ್ತಿದ್ದದ್ದು ಹೆಸರನ್ನೇ. ಮುಹೂರ್ತದ ಸಾಲು ಒಂದು ಹೆಸರಿನಿಂದ ಇನ್ನೊಂದಕ್ಕೆ ಹೋಗುವ ದಾರಿಯಾಗಿತ್ತು, ಅಷ್ಟೇ. ಇನ್ನೂ ಹತ್ತು ಸಲ ಓದಿದ್ದರೂ ಹಾಗೇ ದಾಟುತ್ತಿದ್ದೆ. ಕಾರ್ಡು ಹಂಚಿದ ಮೇಲೆ ನೆಂಟರ ಫೋನು ಶುರುವಾಯಿತು. ಮತ್ತೆ ಮುದ್ರಿಸಿದ ಖರ್ಚನ್ನು ನನ್ನ ಸಂಬಳದಲ್ಲಿ ಹಿಡಿದರು. ಅದಕ್ಕಿಂತ ಜಾಸ್ತಿ ನೋವಾದದ್ದು, ಆ ಯಜಮಾನರು ಮದುವೆ ಕೆಲಸ ಬಿಟ್ಟು ಮನೆ ಮನೆಗೆ ಫೋನ್ ಮಾಡಿ ವಾರ ತಿದ್ದಬೇಕಾಯಿತಲ್ಲ, ಅದು.

2013ರಲ್ಲಿ ಪ್ರಕಟವಾದ ಒಂದು ಪ್ರಯೋಗದ ಬಗ್ಗೆ ಆಮೇಲೆ ಓದಿದೆ. 24 ರೇಡಿಯಾಲಜಿಸ್ಟರಿಗೆ ಶ್ವಾಸಕೋಶದ ಸಿಟಿ ಸ್ಕ್ಯಾನ್ ಕೊಟ್ಟು ಸಣ್ಣ ಗಂಟುಗಳನ್ನು ಹುಡುಕಲು ಹೇಳಿದ್ದರು. ಸ್ಕ್ಯಾನಿನೊಳಗೆ ಗೊರಿಲ್ಲಾ ಚಿತ್ರ ಸೇರಿಸಿದ್ದರು, ಗಂಟಿಗಿಂತ 48 ಪಟ್ಟು ದೊಡ್ಡದು. 20 ಜನರಿಗೆ ಕಾಣಲಿಲ್ಲ. ಅವರಲ್ಲಿ ಹೆಚ್ಚಿನವರ ಕಣ್ಣು ನೇರ ಅದರ ಮೇಲೇ ಹೋಗಿತ್ತು. ಅದಕ್ಕೂ ಬಹಳ ಹಿಂದೆ ರಷ್ಯಾದ ಆಲ್ಫ್ರೆಡ್ ಯಾರ್ಬಸ್ ಒಂದೇ ವರ್ಣಚಿತ್ರ ತೋರಿಸಿ ಬೇರೆ ಬೇರೆ ಪ್ರಶ್ನೆ ಕೇಳಿ, ಕಣ್ಣಿನ ಓಡಾಟ ದಾಖಲಿಸಿದ್ದರು. ಚಿತ್ರದಲ್ಲಿರುವವರ ವಯಸ್ಸೆಷ್ಟು ಅಂದಾಗ ಕಣ್ಣು ಮುಖಗಳ ಮೇಲೆ ಓಡಾಡಿತು. ಮನೆಯ ಸ್ಥಿತಿಗತಿ ಹೇಗಿದೆ ಅಂದಾಗ ಬಟ್ಟೆಬರೆ, ಪೀಠೋಪಕರಣದ ಕಡೆ ಹೋಯಿತು.

ಹಾಗಾಗಿ "ಚೆನ್ನಾಗಿ ನೋಡ್ತೀನಿ" ಅಂದುಕೊಂಡು ಕೂರಬೇಡಿ. ಅದರಿಂದ ಏನೂ ಆಗುವುದಿಲ್ಲ. ಒಂದು ಓದಿಗೆ ಒಂದೇ ಹುಡುಕಾಟ ಇಟ್ಟುಕೊಳ್ಳಿ. ಹೆಸರಿಗೆ ಒಂದು ಸಲ. ಅಂಕಿಗೆ, ಅಂದರೆ ತಾರೀಕು, ವಾರ, ಗಂಟೆ, ಫೋನ್ ನಂಬರಿಗೆ, ಇನ್ನೊಂದು ಸಲ. ವಾರವನ್ನು ಕ್ಯಾಲೆಂಡರ್ ಮುಂದಿಟ್ಟುಕೊಂಡೇ ನೋಡಿ, ನೆನಪಿನಿಂದ ಬೇಡ. ನುಡಿ ತಂತ್ರಾಂಶದ ಅಕ್ಷರದಿಂದ ಯೂನಿಕೋಡಿಗೆ ಬದಲಾಯಿಸಿದ ಫೈಲಾದರೆ ಒತ್ತಕ್ಷರ, ಅರ್ಕಾವತ್ತಿಗೆ ಮತ್ತೊಂದು ಸಲ. ಸಮಯ ಜಾಸ್ತಿ ಹಿಡಿಯುತ್ತೆ ಅಂತ ಮಾಲೀಕರು ಗೊಣಗಬಹುದು. ಗೊಣಗಲಿ ಬಿಡಿ.

ಗಿರಾಕಿ ಪ್ರೂಫಿಗೆ ಸಹಿ ಹಾಕಿದರು ಅಂತ ಸುಮ್ನಾಗಬೇಡಿ. ನನ್ನ ಕಾರ್ಡಿಗೂ ಸಹಿ ಬಿದ್ದಿತ್ತು. ಅವರೂ ಷಡ್ಡಕರ ಹೆಸರನ್ನೇ ನೋಡಿದ್ದರು. ಸಹಿಗೆ ಮೊದಲು ಕಾರ್ಡು ಅವರ ಕೈಗೆ ಕೊಟ್ಟು, "ಸ್ವಾಮಿ, ತಾರೀಕು, ವಾರ ಮಾತ್ರ ಜೋರಾಗಿ ಓದಿ" ಅನ್ನಿ.