ಬಿಲದ ಬಾಯಿಗೊಂದು ಹಲಗೆ

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ. ಭಾನುವಾರ ಬಂದರೆ ಬೈನಾಕ್ಯುಲರ್ ಹಿಡಿದು ಕೆರೆ ಕಡೆ ಹೊರಡುತ್ತೇನೆ. ನನ್ನಂಥ ಹವ್ಯಾಸಿಯಿಂದ ಅಳಿವಿನಂಚಿನ ಹಕ್ಕಿಯನ್ನು ಉಳಿಸೋಕೆ ಆಗುತ್ತಾ? ಸುಮ್ನೆ ಪಟ್ಟಿ ಬರೆದುಕೊಂಡು ಇರಬೇಕಷ್ಟೇನಾ?
– ಓದುಗರು, ರಾಣೆಬೆನ್ನೂರು

ಉತ್ತರ: ಆಗುತ್ತೆ. ಆದರೆ ಬಹಳ ವರ್ಷ ಹಿಡಿಯುತ್ತೆ. ಅಟ್ಲಾಂಟಿಕ್ ಸಾಗರದ ಬರ್ಮುಡಾ ದ್ವೀಪದ ಡೇವಿಡ್ ವಿಂಗೇಟ್ ಅವರನ್ನೇ ನೋಡಿ.

ಅಲ್ಲಿ ಕಹೌ ಎಂಬ ಕಡಲಹಕ್ಕಿ ಇದೆ. ರಾತ್ರಿ ಮಾತ್ರ ನೆಲಕ್ಕೆ ಬರುತ್ತದೆ, ಬಿಲದೊಳಗೆ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಹಡಗಿನಲ್ಲಿ ಬಂದ ಜನ, ಅವರ ಜೊತೆ ಬಂದ ಹಂದಿ, ಇಲಿ ಎಲ್ಲ ಸೇರಿ ಇದನ್ನು ತಿಂದು ಮುಗಿಸಿದರು. 1620ರ ದಶಕದಲ್ಲೇ ಅಳಿದುಹೋಯಿತು ಅಂತ ಮುನ್ನೂರು ವರ್ಷ ಎಲ್ಲರೂ ನಂಬಿದ್ದರು. 1951ರಲ್ಲಿ ಇಬ್ಬರು ತಜ್ಞರು ಅಲ್ಲಿನ ಪುಟ್ಟ ಬಂಡೆ ದ್ವೀಪಗಳಲ್ಲಿ ಹುಡುಕಲು ಹೋದಾಗ 15 ವರ್ಷದ ವಿಂಗೇಟ್ ಅವರನ್ನೂ ಕರೆದುಕೊಂಡು ಹೋದರು. ಆಗ ಅವರು ಹಕ್ಕಿ ಹುಚ್ಚಿನ ಶಾಲಾ ಹುಡುಗ, ಅಷ್ಟೇ. ಬಿಲದಲ್ಲಿ ಹಕ್ಕಿ ಸಿಕ್ಕಿತು! ಆಗ ಕಂಡದ್ದು ಏಳೇ ಜೋಡಿ.

ನನಗೆ ತುಂಬಾ ಇಷ್ಟವಾಗುವುದು ಮುಂದಿನ ಕೆಲಸ. ಉದ್ದ ಬಾಲದ ಇನ್ನೊಂದು ಕಡಲಹಕ್ಕಿ ಅದೇ ಬಿಲಗಳಿಗೆ ನುಗ್ಗಿ ಕಹೌ ಮರಿಗಳನ್ನು ಕೊಲ್ಲುತ್ತಿತ್ತು. ಅದಕ್ಕೆ ಬಿಲದ ಬಾಯಿಗೆ ತೂತಿರುವ ಹಲಗೆ ಕೂರಿಸಿದರು. ಕಹೌ ನುಸುಳಬಹುದು, ಅದಕ್ಕಿಂತ ಸ್ವಲ್ಪ ದಪ್ಪಗಿರುವ ಆ ಹಕ್ಕಿ ನುಸುಳಲಾರದು, ಅಂಥ ಅಳತೆ. ಎರಡು ಹಕ್ಕಿಗಳನ್ನೂ ಹತ್ತಿರದಿಂದ ನೋಡಿದವರಿಗೆ ಮಾತ್ರ ಇದು ಹೊಳೆಯುತ್ತೆ, ಅಲ್ವಾ? ಬಿಲ ಸಾಲದಿದ್ದಾಗ ಕಾಂಕ್ರೀಟಿನ ಬಿಲಗಳನ್ನೂ ಮಾಡಿದರು.

ವಿಂಗೇಟ್ ಪ್ರಾಣಿಶಾಸ್ತ್ರ ಓದಿ ಊರಿಗೆ ಮರಳಿದರು, ಮುಂದೆ ಇದೇ ಅವರ ನೌಕರಿಯೂ ಆಯಿತು. 1962ರಲ್ಲಿ ಹೆಂಡತಿ ಮಕ್ಕಳ ಜೊತೆ ನಾನ್‌ಸಚ್ ಎಂಬ ಬೋಳು ದ್ವೀಪಕ್ಕೆ ಹೋಗಿ ನೆಲೆಸಿ, ಬರ್ಮುಡಾದ್ದೇ ಮರಗಳನ್ನು ಸಾವಿರಾರು ನೆಟ್ಟರು. ಯಾಕೆಂದರೆ ಬಂಡೆಗಳ ಮೇಲಿನ ಬಿಲಗಳಿಗೆ ಅಲೆ, ಚಂಡಮಾರುತದ ಕಾಟ ಜಾಸ್ತಿ. ಮರದಡಿಯ ಮಣ್ಣಲ್ಲಿ ತೋಡಿದ ಬಿಲವೇ ಕಹೌಗೆ ಹೇಳಿ ಮಾಡಿಸಿದ್ದು. ಆಗ ಅಲ್ಲಿ ಒಂದೇ ಒಂದು ಕಹೌ ಕೂಡ ಇರಲಿಲ್ಲ! 2000ದಲ್ಲಿ ಅವರು ನಿವೃತ್ತರಾದರು. ನಂತರ ಬಂದವರು 2004ರಿಂದ 2008ರವರೆಗೆ ಮರಿಗಳನ್ನು ತಂದು, ಕೈಯಾರೆ ಮೀನು ತಿನ್ನಿಸಿ, ಅಲ್ಲಿಂದಲೇ ಕಡಲಿಗೆ ಹಾರಲು ಬಿಟ್ಟರು. ಹಾಗೆ ಹಾರಿದವು ಮರಳಿ ಬಂದವು, 2009ರಲ್ಲಿ ನಾನ್‌ಸಚ್‌ನಲ್ಲೇ ಮೊಟ್ಟೆಯೊಡೆದು ಮರಿ ಹೊರಬಂತು. ಈಗ ಬರ್ಮುಡಾದಲ್ಲಿ ನೂರಕ್ಕೂ ಜಾಸ್ತಿ ಜೋಡಿಗಳಿವೆ.

ನಿಮ್ಮ ಪಟ್ಟಿಯನ್ನು ಬಿಡಬೇಡಿ. ಅದರಲ್ಲಿ ಒಂದು ಹಕ್ಕಿ ಆರಿಸಿಕೊಳ್ಳಿ. ಅದು ಎಲ್ಲಿ ಗೂಡು ಕಟ್ಟುತ್ತೆ, ಮರಿಗಳನ್ನು ಯಾರು ತಿನ್ನುತ್ತಾರೆ, ಇವನ್ನು ಒಂದು ವರ್ಷ ಬರೆದಿಟ್ಟು ನಮಗೂ ಕಳಿಸಿ.